ಜ್ಞಾನಮಣಿಯ ಗಂಡ

ಡೇರಿಗೆ ಹಾಲು ಹಾಕಿ ಬಂದ ಬಚ್ಚಪ್ಪ ಖಾಲಿ ಕ್ಯಾನನ್ನು ತೊಟ್ಟಿಯ ಪಕ್ಕ ಬೋರಲು ಹಾಕಿ ಕಾಲು ತೊಳೆಯುತ್ತಿದ್ದಾಗ ಒಳಗಿನಿಂದ ತಾಯಿ ಕೂಗಿದರು.

"ಲೇ ಬಚ್ಚಾ, ಈವತ್ತೂ ಇಲ್ವೇನ್ಲಾ?"

"ಏನಮ್ಮಾ ಇಲ್ಲ?"

"ಜೆಬ ಕಣ್ಲಾ, ಇವ್ಳ ಪ್ರಾರ್ಥನೆ. ದೀಪ ಅಚ್ಚಿ ಎಷ್ಟೊತ್ತಾಯ್ತು. ಇವ್ಳು ನೋಡಿದ್ರೆ ಸುಮ್ನೆ ಗೋಡೆ ನೋಡ್ಕೊಂಡು ಕುಂತವ್ಳೆ."

ಬಚ್ಚಪ್ಪ ಒಳಗೆ ಇಣುಕಿದ. ನಡುಮನೆಯ ಚಾಪೆಯ ಮೇಲೆ ಹೆಂಡತಿ ಜ್ಞಾನಮಣಿ ಮೊರದ ತುಂಬ ಅವರೆಕಾಯಿ ಇಟ್ಟುಕೊಂಡು ಕೂತಿದ್ದಳು. ಸುಲಿಯುವುದನ್ನು ಯಾವಾಗಲೋ ನಿಲ್ಲಿಸಿದ್ದಳು. ಸೀರೆಯ ಸೆರಗು ಕತ್ತನ್ನು ಪೂರ್ತಿ ಸುತ್ತಿತ್ತು. ಗಾಯ ಮಾಗಿ ಹೊಲಿಗೆ ಬಿಚ್ಚಿದ ಮೇಲೂ ಅವಳು ಆ ಸೆರಗನ್ನು ಕೆಳಗಿಳಿಸಿರಲಿಲ್ಲ.

ಅವಳ ಗಂಟಲಲ್ಲಿ ಗಂಟು ಬೆಳೆದಿತ್ತು. ಕೋಲಾರದಲ್ಲಿ ಆಪರೇಷನ್ ಆಯಿತು. ದನಿಯ ನರ ಗಂಟಿಗೆ ಅಂಟಿಕೊಂಡೇ ಇದೆ, ಬಿಡಿಸುವಾಗ ಅದಕ್ಕೆ ಪೆಟ್ಟಾಗುತ್ತದೆ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಗಂಟು ಕೆಟ್ಟದ್ದಲ್ಲ ಎಂದು ಗೊತ್ತಾದಾಗ ಮನೆಯವರೆಲ್ಲ ಅತ್ತುಬಿಟ್ಟಿದ್ದರು, ದನಿಯ ಮಾತು ಯಾರಿಗೂ ನೆನಪಿರಲಿಲ್ಲ. ಈಗ ಅವಳು ಬಾಯಿ ತೆರೆದರೆ ಗಾಳಿ ಮಾತ್ರ ಬರುತ್ತಿತ್ತು. ಮತ್ತೆ ತೋರಿಸಲು ಹೋದಾಗ ಡಾಕ್ಟರು, "ಬರಬಹುದು, ಕಾಯಬೇಕು. ಪೂರ್ತಿ ಮೊದಲಿನ ಹಾಗೆ ಆಗುತ್ತದೆ ಅಂತ ನಾನು ಹೇಳಲಾರೆ" ಎಂದಿದ್ದರು.

ಬೇರೆ ಯಾರಿಗಾದರೂ ಆಗಿದ್ದರೆ ಅಷ್ಟು ಕಷ್ಟವಾಗುತ್ತಿರಲಿಲ್ಲವೇನೋ. ಕೋರಮಂಡಲ್‌ನ ಚರ್ಚಿನಲ್ಲಿ ಹೆಂಗಸರ ಸಾಲಿನಿಂದ ಹಾಡು ಎತ್ತುತ್ತಿದ್ದವಳು ಜ್ಞಾನಮಣಿ. ಹಾರ್ಮೋನಿಯಂ ಶುರುವಾಗುವ ಮೊದಲೇ ಅವಳು ಶ್ರುತಿ ಹಿಡಿಯುತ್ತಿದ್ದಳು, ಮಿಕ್ಕವರು ಅವಳ ಹಿಂದೆ ಬರುತ್ತಿದ್ದರು. ಅಲ್ಲಿ ಚಿನ್ನದ ಗಣಿ ನಡೆಯುತ್ತಿದ್ದ ಕಾಲದಲ್ಲಿ ಬಚ್ಚಪ್ಪ ಸೈಕಲ್ಲಿಗೆ ಹಾಲಿನ ಕ್ಯಾನು ಕಟ್ಟಿಕೊಂಡು ಕೋರಮಂಡಲ್‌ನ ಲೈನುಮನೆಗಳಿಗೆ ಹೋಗುತ್ತಿದ್ದ. ಗಣಿಯಲ್ಲಿ ಕೆಲಸ ಮಾಡುತ್ತಿದ್ದ ದೇವಸಹಾಯಂ ಮನೆಯ ಮುಂದೆ ಹಾಲು ಅಳೆಯುವಾಗ ಒಳಗೆ ಪಾತ್ರೆ ತೊಳೆಯುತ್ತ ಹಾಡುತ್ತಿದ್ದ ಅವರ ಮಗಳ ದನಿಯನ್ನು ಅವನು ಮೊದಲು ಕೇಳಿದ. ಮುಖ ನೋಡಿದ್ದು ಎಷ್ಟೋ ದಿನಗಳ ಮೇಲೆ.

ಎರಡೂ ಕಡೆ ರಂಪವಾಗಿ, ಅತ್ತು, ಕೊನೆಗೆ ಒಪ್ಪಿಕೊಂಡು ಆದ ಮದುವೆ. ಅವಳ ಭಾನುವಾರ ಅವಳದು, ಇವರ ಹಬ್ಬ ಇವರದು ಎಂದು ಮಾತಾಯಿತು. ಪ್ರತಿ ಭಾನುವಾರ ಅವನು ಅವಳನ್ನು ಚರ್ಚಿಗೆ ಬಿಟ್ಟು ಹೊರಗೆ ಬೇವಿನ ಮರದ ಕೆಳಗೆ ಕೂತು ಕಾಯುತ್ತಿದ್ದ. ಒಳಗೆ ಬಾ ಎಂದು ಅವಳು ಕರೆಯಲಿಲ್ಲ, ಬರುತ್ತೇನೆ ಎಂದು ಅವನು ಹೇಳಲಿಲ್ಲ. ಅಲ್ಲಿ ಕೂತರೂ ಅವಳ ದನಿ ಬೇರೆಯಾಗಿಯೇ ಕೇಳುತ್ತಿತ್ತು.

ಸಂಜೆಯ ಪ್ರಾರ್ಥನೆ ಮಾತ್ರ ಮನೆಯಲ್ಲಿ. ಹೊಸದಾಗಿ ಬಂದಾಗ ಅವಳು ತಮಿಳಿನಲ್ಲಿ ಹೇಳಿಕೊಳ್ಳುತ್ತಿದ್ದಳು. ಅತ್ತೆ ಆದಿಲಕ್ಷ್ಮಮ್ಮನಿಗೆ ಅದು ಅರ್ಥವಾಗದೆ, "ಅದೇನ್ ಏಳ್ತಾಳೋ, ದೇವ್ರತ್ರ ನನ್ ಮೇಲೆ ಚಾಡಿ ಏಳ್ತಾಳೋ ಏನೋ" ಎಂದು ಊರೆಲ್ಲ ಹೇಳಿಕೊಂಡು ತಿರುಗಿದರು. ಮಾತು ಜ್ಞಾನಮಣಿಯ ಕಿವಿಗೂ ಬಿತ್ತು. ಅವತ್ತಿನಿಂದ ಅವಳು ಕಷ್ಟಪಟ್ಟು, ತಡವರಿಸಿಕೊಂಡು, ಕನ್ನಡದಲ್ಲೇ ಪ್ರಾರ್ಥನೆ ಮಾಡತೊಡಗಿದಳು. ಬಾಗಿಲ ಹಿಂದೆ ನಿಂತು ಕೇಳಿದ ಆದಿಲಕ್ಷ್ಮಮ್ಮನಿಗೆ ಅದರಲ್ಲಿ ತಮ್ಮ ಹೆಸರೂ ತಮ್ಮ ಮಂಡಿನೋವೂ ಬಂದದ್ದು ಕೇಳಿಸಿತು. ಮಾರನೆಯ ದಿನ ಬಾಗಿಲ ಹಿಂದೆ ನಿಲ್ಲದೆ ಚಾಪೆಯ ಅಂಚಿಗೆ ಬಂದು ಕೂತರು. ತಮ್ಮ ಮುನೇಶ್ವರನಿಗೆ ಬೆಳಿಗ್ಗೆ ಕೈ ಮುಗಿಯುವುದನ್ನು ಬಿಡಲಿಲ್ಲ, ಸಂಜೆ ಸೊಸೆಯ ಪಕ್ಕ ಕೂರುವುದನ್ನೂ ತಪ್ಪಿಸಲಿಲ್ಲ.

ಆಪರೇಷನ್ ಆದ ಮೇಲೆ ಒಂದೆರಡು ದಿನ ಜ್ಞಾನಮಣಿ ಬೈಬಲನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಆಮೇಲೆ ಅದೂ ನಿಂತಿತು. ಕಳೆದ ಭಾನುವಾರ ಬಚ್ಚಪ್ಪ ಟಿವಿಎಸ್ ಗಾಡಿ ಸ್ಟಾರ್ಟ್ ಮಾಡಿಕೊಂಡು ಕಾದರೆ, ಬಾಗಿಲಲ್ಲಿ ನಿಂತು ಬೇಡವೆಂದು ತಲೆಯಾಡಿಸಿದಳು. "ಬಾಯಿ ಬಿಡ್ದಿದ್ರೇನು, ಕುಂತ್ಕೊಂಡು ಬರೋಕೇನು?" ಎಂದ ಅವನು. ಅವಳ ಕಣ್ಣು ತುಂಬಿದ್ದನ್ನು ನೋಡಿ ಗಾಡಿ ಆರಿಸಿದ.

"ನೀನೇ ಜೆಬ ಏಳಲಾ ಈವತ್ತು," ಎಂದರು ಆದಿಲಕ್ಷ್ಮಮ್ಮ, ಇಣುಕಿ ನಿಂತಿದ್ದ ಮಗನಿಗೆ.

"ನಾನಾ? ನಂಗೇನ್ ಗೊತ್ತಮ್ಮಾ ಅದೆಲ್ಲ?"

"ಇಷ್ಟು ವರ್ಷ ಗೋಡೆ ಆಚೆ ಹಸೂನ್ ಕಟ್ಕೊಂಡು ಕೇಳ್ಸ್ಕೊಂಡಿಲ್ವಾ? ನಂಗಂತೂ ಅದಿಲ್ದೆ ಅನ್ನ ಸೇರ್ತಿಲ್ಲ, ನಿದ್ದೆ ಬರ್ತಿಲ್ಲ. ಬಾ, ಕುಂತ್ಕೊ."

ಬಚ್ಚಪ್ಪ ಹೆಂಡತಿಯ ಕಡೆ ನೋಡಿದ. ಅವಳು ಬೇಡವೆನ್ನುತ್ತಾಳೆ ಎಂದುಕೊಂಡಿದ್ದ. ಅವಳು ಮೊರವನ್ನು ಪಕ್ಕಕ್ಕೆ ಸರಿಸಿ ಅವನಿಗೆ ಜಾಗ ಮಾಡಿದಳು.

ಟವಲಿನಲ್ಲಿ ಕೈ ಒರೆಸಿಕೊಂಡು ಕೂತ. ಕೈ ಎಲ್ಲಿಡಬೇಕೋ ತಿಳಿಯದೆ ತೊಡೆಯ ಮೇಲಿಟ್ಟುಕೊಂಡ. ಆಮೇಲೆ ಜೋಡಿಸಿದ. ತಾಲ್ಲೂಕು ಕಚೇರಿಯಲ್ಲಿ ಸಾಹೇಬರ ಮುಂದೆ ನಿಂತವನಂತೆ ಬೆನ್ನು ನೆಟ್ಟಗೆ ಮಾಡಿದ.

"ಸ್ವಾಮಿ," ಎಂದ. "ನಾನು ಬಚ್ಚಪ್ಪ. ಜ್ಞಾನಮಣಿ ಗಂಡ."

ಅಷ್ಟು ಹೇಳಿ ಇಬ್ಬರ ಮುಖವನ್ನೂ ನೋಡಿದ. ಯಾರೂ ನಗಲಿಲ್ಲ.

"ಅವ್ಳು ದಿನಾ ನಿಮ್ಮತ್ರ ಮಾತಾಡ್ತಿದ್ಲು. ಈಗ ಅವ್ಳಿಗೆ ದನಿ ಇಲ್ಲ, ನಿಮ್ಗೂ ಗೊತ್ತಿರ್ತೈತೆ. ಅದ್ಕೇ ಅವ್ಳ ಬದ್ಲು ನಾನ್ ಬಂದಿವ್ನಿ. ಏನಾರ ತಪ್ಪು ಮಾತಾಡಿದ್ರೆ ಒಟ್ಟೆಗಾಕ್ಕೊಳ್ಳಿ."

ಮುಂದೇನು ಎಂದು ಹುಡುಕಬೇಕಾಗಲಿಲ್ಲ. ಅವಳು ಹೇಳುತ್ತಿದ್ದ ಸಾಲುಗಳು ಒಂದರ ಹಿಂದೆ ಒಂದು ತಾವಾಗಿ ಬಂದವು. ಹಾಲು ಕರೆಯುವಾಗ, ಹಿಂಡಿ ಕಲಸುವಾಗ, ಸಗಣಿ ಬಾಚುವಾಗ ಅವು ಕಿವಿಗೆ ಬಿದ್ದು ಒಳಗೇ ಕೂತಿದ್ದವೆಂದು ಅವನಿಗೇ ಗೊತ್ತಿರಲಿಲ್ಲ. ಈವತ್ತಿನ ಅನ್ನಕ್ಕೆ ನೀರಿಗೆ ಮೊದಲು ಸ್ತೋತ್ರ ಹೇಳಬೇಕು. ಹೇಳಿದ. ಮಾಲೂರಿನಲ್ಲಿರುವ ಮಗಳು ನವ್ಯಳ ಹೆಸರು, ಅವಳ ಕೈಕೂಸಿನ ಹೆಸರು. ಮಾರಿಕುಪ್ಪಂನಿಂದ ದಿನವೂ ಬೆಳಗಿನ ರೈಲು ಹತ್ತಿ ಕೆಲಸಕ್ಕೆ ಹೋಗುವ ಜ್ಞಾನಮಣಿಯ ತಮ್ಮನಿಗೆ ರೈಲು ತಪ್ಪದಿರಲಿ, ಸೀಟು ಸಿಗಲಿ.

"ಅಮ್ಮನ ಕಾಲ್ನೋವು ಕಮ್ಮಿ ಮಾಡಿ," ಎಂದ.

"ಎಡಗಾಲು ಅಂತ ಏಳ್ಲಾ," ಎಂದರು ಆದಿಲಕ್ಷ್ಮಮ್ಮ ಕಣ್ಣು ಮುಚ್ಚಿಕೊಂಡೇ. "ಅವ್ಳು ಎಡಗಾಲು ಅಂತ ಬಿಡ್ಸಿ ಏಳ್ತಿದ್ಲು."

"ಎಡಗಾಲು ಸ್ವಾಮಿ."

ಕೊಟ್ಟಿಗೆಯ ಎರಡು ಹಸುಗಳಾದವು, ಗಬ್ಬದ ಕಡಸಾಯಿತು. ಬಚ್ಚಪ್ಪನಿಗೆ ಮೈ ಹಗುರವಾದಂತೆನಿಸಿತು. ಆಮೆನ್ ಎನ್ನಲು ಬಾಯಿ ತೆರೆದ. ಜ್ಞಾನಮಣಿಯ ಕೈ ಬಂದು ಅವನ ಮೊಣಕಾಲಿನ ಮೇಲೆ ಕೂತಿತು.

"ಒಬ್ರನ್ನ ಬಿಟ್ಟೆ," ಎಂದರು ತಾಯಿ.

"ಯಾರ್ನ? ಎಲ್ಲಾ ಆಯ್ತಲ್ಲ."

ಯಾರನ್ನೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಪಕ್ಕದ ಹೊಲದ ಕೋದಂಡಪ್ಪ. ಅವನ ಮೇಕೆಗಳು ಒಂದು ವರ್ಷ ಬಚ್ಚಪ್ಪನ ಟೊಮೇಟೊ ಸಸಿಗಳನ್ನು ಬುಡದವರೆಗೆ ಮೇದಿದ್ದವು. ಮತ್ತೆ ನೆಟ್ಟಾಗ ಮತ್ತೆ ಮೇದವು. ಡೇರಿಯ ಮುಂದೆ ಜನರೆದುರಿಗೆ ಅವರಿಬ್ಬರೂ ಒಬ್ಬರ ಅಪ್ಪನನ್ನು ಇನ್ನೊಬ್ಬರು ಎತ್ತಾಡಿದ್ದರು. ಆಮೇಲೆ ಮಾತಿಲ್ಲ. ಆ ಜಗಳವಾದ ಸಂಜೆಯಿಂದಲೇ ಜ್ಞಾನಮಣಿಯ ಪ್ರಾರ್ಥನೆಯ ಕೊನೆಯಲ್ಲಿ ಕೋದಂಡಪ್ಪನ ಹೆಸರು ಬರತೊಡಗಿತ್ತು. ಅದು ಬರುವ ಹೊತ್ತಿಗೆ ಸರಿಯಾಗಿ ಬಚ್ಚಪ್ಪ ಕೊಟ್ಟಿಗೆಯಲ್ಲಿ ಬಕೆಟ್ಟನ್ನು ಎತ್ತಿ ಕುಕ್ಕುತ್ತಿದ್ದ. ಅವಳು ಆ ಸದ್ದು ಮುಗಿಯುವವರೆಗೆ ಸುಮ್ಮನಿದ್ದು ಹೆಸರನ್ನು ಇನ್ನೊಮ್ಮೆ ಹೇಳುತ್ತಿದ್ದಳು.

ಈಗ ಬಕೆಟ್ಟು ಇರಲಿಲ್ಲ. ಹೆಂಡತಿ ಅವನನ್ನೇ ನೋಡುತ್ತಿದ್ದಳು. ಎಷ್ಟೋ ದಿನಗಳ ಮೇಲೆ ಅವಳು ಹಾಗೆ ನೇರವಾಗಿ ನೋಡಿದ್ದಳು.

"ಕೋದಂಡಪ್ಪ," ಎಂದ. "ಕೋದಂಡಪ್ಪನೂ ಅವ್ನ ಮನೆಯವ್ರೂ ಚೆನ್ನಾಗಿರ್ಲಿ."

ಕೈ ಇನ್ನೂ ಮೊಣಕಾಲಿನ ಮೇಲೆಯೇ ಇತ್ತು.

"ಅವ್ನ ಮೇಕೆಗೋಳಿಗೂ ಮೇವು ಸಿಗ್ಲಿ," ಎಂದು ಸೇರಿಸಿದ. ಸ್ವಲ್ಪ ಯೋಚಿಸಿ, "ಅವ್ನ ಒಲದಾಗೇ ಸಿಗ್ಲಿ," ಎಂದ.

ಜ್ಞಾನಮಣಿಯ ಭುಜಗಳು ಕುಲುಕತೊಡಗಿದವು. ಅಳುತ್ತಿದ್ದಾಳೆಂದು ಅವನು ಗಾಬರಿಯಾದ. ಅವಳು ನಗುತ್ತಿದ್ದಳು. ಸದ್ದೇ ಇಲ್ಲದ ನಗು. ಸೆರಗಿನಿಂದ ಬಾಯಿ ಮುಚ್ಚಿಕೊಂಡು, ಕಣ್ಣಲ್ಲಿ ನೀರು ತಂದುಕೊಂಡು ನಕ್ಕಳು. ಆದಿಲಕ್ಷ್ಮಮ್ಮನೂ ನಕ್ಕು, "ಬಾಯಿ ಮುಚ್ಚಿ, ದೇವ್ರ ಮುಂದೆ ಕುಂತಿದೀರ," ಎಂದು ಗದರಿದರು.

ನಗು ನಿಂತ ಮೇಲೆ ಬಚ್ಚಪ್ಪ ಮತ್ತೆ ತಲೆ ತಗ್ಗಿಸಿದ.

"ಇನ್ನೊಂದೈತೆ ಸ್ವಾಮಿ. ಅವ್ಳು ತನಗೆ ಅಂತ ಯಾವತ್ತೂ ಕೇಳ್ದೋಳಲ್ಲ. ನಾನ್ ಕೇಳ್ತೀನಿ. ಅವ್ಳ ದನಿ ಕೊಡಿ. ಅದಿಲ್ದೆ ಮನೆ ಬಿಕೋ ಅಂತೈತೆ."

ಆಮೆನ್ ಎಂದು ಮೊದಲು ಹೇಳಿದ್ದು ಆದಿಲಕ್ಷ್ಮಮ್ಮ.

ಮಾರನೆಯ ದಿನ ಸಂಜೆ ಅವರು ಕರೆಯುವ ಮೊದಲೇ ಅವನು ಬಂದು ಕೂತ. ಅದರ ಮಾರನೆಯ ದಿನವೂ ಕೂತ. ಒಂದೊಂದು ದಿನ ಸಾಲು ಹಿಂದುಮುಂದಾಗುತ್ತಿತ್ತು. ಆಗ ಜ್ಞಾನಮಣಿ ಬೆರಳೆತ್ತಿ ತಡೆದು, ಎದೆಯ ಹತ್ತಿರ ಕೂಸನ್ನೆತ್ತಿದಂತೆಯೋ ಮಂಡಿ ಹಿಡಿದಂತೆಯೋ ತೋರಿಸಿ ಸರಿಪಡಿಸುತ್ತಿದ್ದಳು. ಕೋದಂಡಪ್ಪನ ಸರದಿ ಬಂದರೆ ತಲೆಯ ಮೇಲೆ ಎರಡು ಬೆರಳು ನಿಲ್ಲಿಸಿ ಮೇಕೆಯ ಕೊಂಬು ಮಾಡುತ್ತಿದ್ದಳು.

ಆ ವಾರವೇ ಡೇರಿಯ ಸಾಲಿನಲ್ಲಿ ಕೋದಂಡಪ್ಪ ಅವನ ಮುಂದೆಯೇ ನಿಂತಿದ್ದ. ಬಚ್ಚಪ್ಪ ಎಂದಿನಂತೆ ರಸ್ತೆಯ ಕಡೆ ಮುಖ ತಿರುಗಿಸಲು ಹೋದ. ಆಗಲಿಲ್ಲ. ದಿನಾ ಸಂಜೆ ಚೆನ್ನಾಗಿರಲಿ ಎಂದು ಹೇಳಿದವನನ್ನು ಬೆಳಿಗ್ಗೆ ಕಾಣದಂತೆ ನಿಲ್ಲುವುದು ಅವನಿಗೇ ನಾಚಿಕೆಯೆನಿಸಿತು. ಹಿಂದೆ ನಿಂತು ಬೆನ್ನನ್ನೇ ನೋಡಿದ. ಕೋದಂಡಪ್ಪನ ಬೆನ್ನು ಬಾಗಿತ್ತು. ಯಾವಾಗ ಬಾಗಿತೋ ಅವನು ಗಮನಿಸಿರಲಿಲ್ಲ.

"ಹಸು ಈಯ್ತಾ?" ಎಂದು ಕೇಳಿದ.

ಕೋದಂಡಪ್ಪ ತಿರುಗಿ, ತನ್ನನ್ನೇ ಕೇಳಿದ್ದೋ ಇಲ್ಲವೋ ಎಂದು ಅಕ್ಕಪಕ್ಕ ನೋಡಿದ.

"ಈಯ್ತು," ಎಂದ. "ಎಣ್ಣು ಕರ." ತನ್ನ ಕ್ಯಾನಿನ ಕಡೆ ನೋಡುತ್ತ, "ನಿಮ್ಮಾಕೆ ಎಂಗವ್ರೆ? ಚರ್ಚ್‌ಗೂ ಓಗ್ತಿಲ್ಲ ಅಂದ್ರು," ಎಂದ.

"ಪರವಾಗಿಲ್ಲ. ಓಗ್ತಾಳೆ."

ಹಾಗೆ ಹೇಳಿಬಿಟ್ಟದ್ದಕ್ಕೆ ದಾರಿಯುದ್ದಕ್ಕೂ ತನ್ನನ್ನೇ ಬೈದುಕೊಂಡ. ಮನೆಯಲ್ಲಿ ಆ ಮಾತೆತ್ತಲಿಲ್ಲ. ಭಾನುವಾರ ಬೆಳಿಗ್ಗೆ ಗಾಡಿಯನ್ನು ಸುಮ್ಮನೆ ಒರೆಸುತ್ತ ನಿಂತಿದ್ದ. ಜ್ಞಾನಮಣಿ ಹೊರಗೆ ಬಂದಳು. ಬಿಳಿ ಸೀರೆ ಉಟ್ಟಿದ್ದಳು. ಬೈಬಲನ್ನು ಚೀಲದಲ್ಲಿಟ್ಟುಕೊಂಡಿದ್ದಳು. ಸೆರಗು ಕತ್ತಿಗೆ ಸುತ್ತಿರಲಿಲ್ಲ, ಭುಜದ ಮೇಲಿತ್ತು.

ಚರ್ಚಿನ ಮುಂದೆ ಅವನು ಬೇವಿನ ಮರದ ಕಡೆ ತಿರುಗಿದಾಗ ಅವಳು ಅವನ ಅಂಗಿಯ ತೋಳು ಹಿಡಿದಳು. ಎಳೆಯಲಿಲ್ಲ, ಸುಮ್ಮನೆ ಹಿಡಿದಳು. ಅವನು ಚಪ್ಪಲಿ ಬಿಟ್ಟು ಒಳಗೆ ಹೋಗಿ ಗಂಡಸರ ಕೊನೆಯ ಬೆಂಚಿನಲ್ಲಿ ಕೂತ. ಅಲ್ಲಿಂದ ಅವಳ ಬೆನ್ನು ಕಾಣುತ್ತಿತ್ತು. ಹಾಡು ಶುರುವಾಯಿತು. ಹೆಂಗಸರು ಒಂದು ಕ್ಷಣ ಅನುಮಾನಿಸಿ, ಒಬ್ಬೊಬ್ಬರಾಗಿ ದನಿ ಸೇರಿಸಿದರು. ಜ್ಞಾನಮಣಿಯ ತಲೆ ತಗ್ಗಿತು. ಪಕ್ಕದಲ್ಲಿದ್ದ ವಯಸ್ಸಾದ ಪೊನ್ನಮ್ಮಾಳ್ ಹಾಡುತ್ತಲೇ ಅವಳ ಕೈಯನ್ನು ತನ್ನ ಕೈಯೊಳಗೆ ತೆಗೆದುಕೊಂಡು ತೊಡೆಯ ಮೇಲೆ ತಾಳ ಹಾಕತೊಡಗಿದಳು. ಎರಡನೆಯ ಹಾಡಿಗೆ ತಾಳ ಹಾಕುತ್ತಿದ್ದದ್ದು ಜ್ಞಾನಮಣಿಯೇ. ಮೂರನೆಯದಕ್ಕೆ ಅವಳ ತಲೆ ಮೇಲೆದ್ದಿತ್ತು.

ಅವರವರ ಪ್ರಾರ್ಥನೆ ಮಾಡಿಕೊಳ್ಳಿ ಎಂದು ಪಾಸ್ಟರು ಹೇಳಿದಾಗ ಎಲ್ಲರೂ ತಮಿಳಿನಲ್ಲಿ ಪಿಸುಗುಟ್ಟಿದರು. ಬಚ್ಚಪ್ಪ ಹಿಂದಿನ ಬೆಂಚಿನಲ್ಲಿ, ನವ್ಯಳಿಂದ ಹಿಡಿದು ಕಡಸಿನವರೆಗೆ, ಯಾರನ್ನೂ ಬಿಡದೆ ಕನ್ನಡದಲ್ಲಿ ಹೇಳಿ ಮುಗಿಸಿದ.

ಬರುವಾಗ ಬಿಸಿಲು ಏರಿತ್ತು. ಗಣಿಯ ಮಣ್ಣು ಸುರಿದು ಬೆಳೆದ ಬೂದು ಗುಡ್ಡಗಳ ಪಕ್ಕದ ರಸ್ತೆಯಲ್ಲಿ ಗಾಳಿ ಜೋರಾಗಿತ್ತು. ಜ್ಞಾನಮಣಿ ಧೂಳಿಗೆ ಮುಖ ತಪ್ಪಿಸಿ ಅವನ ಬೆನ್ನಿಗೆ ಕೆನ್ನೆ ಆನಿಸಿ ಕೂತಿದ್ದಳು. ಗುಡ್ಡ ದಾಟಿ ಇಳಿಜಾರು ಶುರುವಾಗುವಲ್ಲಿ ಬಚ್ಚಪ್ಪನಿಗೆ ಬೆನ್ನಿನ ನಡುವೆ ಏನೋ ಅದುರಿದಂತಾಯಿತು. ಗಾಡಿ ಅದುರಿದ್ದೋ ಅಲ್ಲವೋ ಗೊತ್ತಾಗಲಿಲ್ಲ. ಅದುರುವುದು ನಿಂತಿತು. ಮತ್ತೆ ಬಂತು, ಹಾಡಿನಂತೆ ಏರಿ, ಇಳಿದು, ನಿಂತು, ಮತ್ತೆ ಏರಿತು.

ಅವನು ತಿರುಗಿ ನೋಡಲಿಲ್ಲ. ಮೆಲ್ಲಗೆ ಕೈ ಚಾಚಿ ಗಾಡಿ ಆರಿಸಿದ. ಎಂಜಿನ್ನಿನ ಸದ್ದು ಅಡಗಿ, ಚಕ್ರಗಳು ತಮ್ಮಷ್ಟಕ್ಕೆ ತಾವು ಇಳಿಜಾರಿನಲ್ಲಿ ಉರುಳುತ್ತ ಹೋದವು.