ಹಗ್ಗದ ಇನ್ನೊಂದು ತುದಿ

"ಲೇ, ಬಾಯಿ ಮುಚ್ಕೊಂಡು ನಿಂತ್ಕೊಳೋ. ನಿನ್ನ ಅಭಿಪ್ರಾಯ ಕೇಳೋಕೆ ಕರೆಸಿರೋದು, ನೀನು ಹೇಳೋಕಲ್ಲ," ಎಂದು ಮೇಸ್ತ್ರಿ ಹಲ್ಲು ಕಡಿದ.

"ಹೇಳದೆ ಇನ್ನೇನು, ನಿನ್ನ ಮುಖ ನೋಡ್ಕೊಂಡು ನಿಂತಿರ್ಲಾ? ನೋಡೋ ಹಂಗಾದ್ರೂ ಇದ್ಯಾ ಅದು?" ಎಂದ ನಿಂತವನು.

ಸರ್ಕಾರಿ ಕಚೇರಿಯ ಆ ಸಭೆಯಲ್ಲಿ ಕುರ್ಚಿಗಳೇನೋ ಖಾಲಿ ಇದ್ದವು. ಆದರೆ ಚರಂಡಿ ಗುಂಡಿಗೆ ಇಳಿಯುವವನು ಬಿಳಿ ಹೊದಿಕೆಯ ಮೇಲೆ ಕೂರುವುದೆಂದರೆ? ಅವನ ಪಕ್ಕದಲ್ಲಿ ಅತ್ತಿಗೆ ನಿಂತಿದ್ದಳು, ಕಂಕುಳಲ್ಲಿ ಹಗ್ಗದ ಸುರುಳಿ. ಇಬ್ಬರೂ ಕೆಲಸದಿಂದ ನೇರ ಬಂದಿದ್ದರು. ಇಳಿದವನ ಹಗ್ಗವನ್ನು ಮನೆಯವರೇ ಹಿಡಿಯುವುದು ಅವರ ರೂಢಿ. ಬೇರೆಯವರಾದರೆ ಬೀಡಿ ಹಚ್ಚಲು ಕೈಬಿಟ್ಟಾರು. ಅವನ ಅಣ್ಣ ಇಳಿದ ದಿನ ಇವರಿಬ್ಬರಿಗೂ ಜ್ವರ. ಆದರೂ "ತುರ್ತು" ಎಂದು ಇಳಿಸಿದ್ದರು. ಹಗ್ಗ ಮೇಸ್ತ್ರಿಯ ಕೈಯಲ್ಲಿತ್ತು. ಮೇಲೆ ಬಂದದ್ದು ಹೆಣ.

ಬಂದ ಸಲಹೆಗಳಿಗೆ ಸರ್ಕಾರ ಕೊಟ್ಟ ಉತ್ತರವನ್ನು ಕಾರ್ಯದರ್ಶಿ ಓದುತ್ತಿದ್ದರು. ಕಾನೂನು ಬರೆಯುವ ಮೊದಲು ಅದರಡಿ ಬರುವವರನ್ನು ಕೇಳಬೇಕೆಂದು ಯಾರೋ ತಿಳಿದವರು ಸಲಹೆ ಕೊಟ್ಟಿದ್ದರು. ಸರ್ಕಾರ ಸಂತೋಷದಿಂದ ಒಪ್ಪಿತ್ತು. ಎಲ್ಲರಿಗೂ ತಿಳಿಯುವ ಮಾತಿನಲ್ಲಿ ಬರೆಯಬೇಕೆಂಬುದನ್ನು ತಾತ್ವಿಕವಾಗಿ ಒಪ್ಪಿತ್ತು. ಕೇಳಿದ್ದನ್ನು ಕಾನೂನಿಗೆ ಸೇರಿಸಬೇಕೆಂಬುದನ್ನು ಮಾತ್ರ ಪರಿಶೀಲಿಸುತ್ತಿತ್ತು.

"ಹೊಸ ಕರಡಿನ ಪ್ರಕಾರ ಇನ್ನು ಯಾರೂ ಗುಂಡಿಗೆ ಇಳಿಯೋ ಹಾಗಿಲ್ಲ," ಎಂದು ಕಾರ್ಯದರ್ಶಿ ನಕ್ಕರು. "ತುರ್ತು ಸಂದರ್ಭ ಬಿಟ್ಟು."

"ಆ ಬಾಲ ಕತ್ತರಿಸಿ ಸಾಹೇಬ್ರೆ," ಎಂದಳು ಅತ್ತಿಗೆ. "ನನ್ನ ಗಂಡನ್ನ ತಿಂದಿದ್ದು ಅದೇ. ಇವನೊಬ್ಬ ಉಳಿದಿದ್ದಾನೆ."

"ನಿಮ್ಮ ಭಾವನೆ ನಮಗೆ ಅರ್ಥವಾಗುತ್ತಮ್ಮ. ತುರ್ತು ಅಂದ್ರೆ ಪ್ರವಾಹ, ಭೂಕಂಪ, ಅಂಥದ್ದು. ಸುಮ್‌ಸುಮ್ನೆ ಯಾರಾದ್ರೂ ಇಳಿಸ್ತಾರಾ?"

ಗುಮಾಸ್ತ ಅವಳ ಭಾವನೆಯನ್ನು ಬರೆದುಕೊಂಡ.

ಅಷ್ಟರಲ್ಲಿ ನಾತ ಬಂತು. ಕಚೇರಿಯ ಹಿಂದಿನ ಗುಂಡಿ ಕಟ್ಟಿಕೊಂಡು, ಸಾಹೇಬರ ಕಕ್ಕಸಿನ ನೀರು ಹಿಂಬಾಗಿಲಡಿಯಿಂದ ಒಳಗೆ ಹರಿಯಿತು. ಕಾರ್ಯದರ್ಶಿ ಎರಡೂ ಕಾಲನ್ನು ಎತ್ತಿ ಕುರ್ಚಿಯ ಮೇಲಿಟ್ಟುಕೊಂಡರು. ಕರವಸ್ತ್ರದೊಳಗಿಂದಲೇ ಮೇಸ್ತ್ರಿಗೆ ಹೇಳಿದರು:

"ಮಂತ್ರಿಗಳು ಬರೋ ಹೊತ್ತು ಕಣ್ರೀ. ಇವನು ಹೇಗೂ ಇಲ್ಲೇ ಇದ್ದಾನಲ್ಲ."

"ನಡಿಯೋ ಬೋಳಿಮಗನೆ," ಎಂದ ಮೇಸ್ತ್ರಿ. "ಒಂದು ಮುಳುಗು ಹಾಕಿ ಬಾ. ಆಮೇಲೆ ಎಷ್ಟು ಬೇಕಾದ್ರೂ ಅಭಿಪ್ರಾಯ ಹೇಳು."

"ಭೂಕಂಪ ಆಯ್ತಾ ಸಾಹೇಬ್ರೆ? ನನಗೇನೂ ಅಲುಗಾಡಿದ ಹಂಗಾಗ್ಲಿಲ್ಲ," ಎಂದ ಮೈದುನ.

ಕಾರ್ಯದರ್ಶಿ ಗಡಿಯಾರ ನೋಡಿದರು. ಅವನು ಅತ್ತಿಗೆಯ ಕಡೆ ಕೈಚಾಚಿದ. ಅವಳು ಕೊಡಲಿಲ್ಲ. ಅವನೇ ಮೆಲ್ಲಗೆ ಹಗ್ಗ ಬಿಡಿಸಿಕೊಂಡ. ಸಭೆಯೇ ನಿರಾಳವಾಗಿ ಉಸಿರುಬಿಟ್ಟಿತು.

ಕೊಳೆ ಒಣಗಿ ಬಿರುಸಾಗಿದ್ದ ಕುಣಿಕೆಯನ್ನು ಅವನು ಒಯ್ದು ಕಾರ್ಯದರ್ಶಿಯ ಮುಂದಿದ್ದ ಕರಡಿನ ಮೇಲೆ ಇಟ್ಟ.

"ಇದು ನಿಮ್ಮ ಸೊಂಟಕ್ಕೆ. ಆ ತುದಿ ಮೇಸ್ತ್ರಿ ಹಿಡ್ಕೋತಾನೆ. ಅವನಿಗೆ ಅಭ್ಯಾಸ ಇದೆ. ಬಾ ಅತ್ತಿಗೆ."

ಇಬ್ಬರೂ ಆ ನೀರನ್ನು ತುಳಿದುಕೊಂಡೇ ಹೊರಗೆ ನಡೆದರು. ಬಿಳಿ ನೆಲದ ಮೇಲೆ ನಾಲ್ಕು ಪಾದಗಳ ಗುರುತು ಮುಂಬಾಗಿಲವರೆಗೆ ಮೂಡಿತು.

"ಎಲ್ಲಿಗೆ ಹೋಗ್ತಾರೆ ಸಾರ್, ಬರ್ತಾರೆ," ಎಂದ ಮೇಸ್ತ್ರಿ. ನೆಲಕ್ಕೆ ಬಿದ್ದಿದ್ದ ಹಗ್ಗದ ತುದಿಯನ್ನು ಮಾತ್ರ ಅವನು ಮುಟ್ಟಲಿಲ್ಲ.

ಹೊರಗೆ ಮಂತ್ರಿಗಳ ಕಾರು ಬಂದು ನಿಂತಿತು. ಅವರಿಬ್ಬರೂ ಬರಲಿಲ್ಲ. ನೀರು ಬರುತ್ತಲೇ ಇತ್ತು.