ಗೂಡಿನ ಜಾಗ

ದಾಂಡೇಲಿ ಸುತ್ತಲಿನ ಹಕ್ಕಿಗಳ ಬಗ್ಗೆ ಹವ್ಯಾಸಿಗಳು ಸೇರಿ ಬರೆಯುತ್ತಿದ್ದ ವಿಕಿಯನ್ನು ಒಂದು ಹದಕ್ಕೆ ತಂದವಳು ವಿದ್ಯಾವತಿ. ಮೊದಲು ಅಲ್ಲಿ ಒಬ್ಬೊಬ್ಬರದು ಒಂದೊಂದು ರೀತಿ. ಹಳಿಯಾಳದವರು ಹಕ್ಕಿಯ ಹೆಸರಿನ ಜತೆ ಪುಟಗಟ್ಟಲೆ ಕತೆ ಹೇಳಿದರೆ, ಮುಂಡಗೋಡದವರು ಬರೀ ಫೋಟೊ ಹಾಕಿ ಸುಮ್ಮನಾಗುತ್ತಿದ್ದರು. ಶಾಲೆಯಲ್ಲಿ ಕಂಪ್ಯೂಟರ್ ಕಲಿಸುವ ವಿದ್ಯಾವತಿಗೆ ಅದನ್ನು ನೋಡಿದರೆ ಮೈ ಪರಚಿಕೊಳ್ಳುವಂತಾಗುತ್ತಿತ್ತು. ಆಕೆ ಒಂದು ಟೆಂಪ್ಲೇಟು ಮಾಡಿದಳು. ಹೆಸರು, ಬಣ್ಣ, ಆಹಾರ, ಗೂಡಿನ ಜಾಗ, ಎಲ್ಲಕ್ಕೂ ಒಂದೊಂದು ಖಾನೆ; ಪ್ರತಿ ಪುಟದಲ್ಲೂ ಅದೇ ಚೌಕಟ್ಟು. ಖಾಲಿ ಬಿಟ್ಟ ಖಾನೆ ಕೆಂಪಗೆ ಕಾಣುವಂತೆಯೂ ಮಾಡಿದಳು.

ಬರಬರುತ್ತ ಕೆಂಪು ಉಳಿದದ್ದು ದೊಡ್ಡ ಮಂಗಟ್ಟೆಯ, ಅಂದರೆ ಹಾರ್ನ್‌ಬಿಲ್ ಹಕ್ಕಿಯ, ಪುಟದಲ್ಲಿ ಮಾತ್ರ; ಅಲ್ಲಿ ಗೂಡಿನ ಜಾಗದ ಖಾನೆ ಖಾಲಿಯಿತ್ತು. ಅದನ್ನು ಬರೆದವರು ಜ್ಯೋತಿಬಾ ಕಾಕಾ. ಆಕೆಯ ತಂದೆಯ ಜತೆ ಕಾಗದದ ಮಿಲ್ಲಿನಲ್ಲಿ ದುಡಿದು ನಿವೃತ್ತರಾದವರು, ಚಿಕ್ಕಂದಿನಲ್ಲಿ ಆಕೆಗೆ ಕಾಡು ತೋರಿಸಿದವರು. ಅಣಶಿಯ ಹತ್ತಿರ ಒಂದು ಮರದ ಪೊಟರೆಗೆ ಮಂಗಟ್ಟೆ ಜೋಡಿ ವರ್ಷವರ್ಷವೂ ಬರುವುದು ಅವರಿಗೆ ಗೊತ್ತಿತ್ತು. ವಿದ್ಯಾವತಿ ಫೋನು ಮಾಡಿ ಕೇಳಿದಾಗ ಮಾತು ಹಾರಿಸಿದರು.

“ಅದೊಂದು ಇರಲಿ ಬಿಡವಾ. ಎಲ್ಲಾ ಬರದಿಡೂದು ಛಲೋ ಅಲ್ಲ.”

“ಕಾಕಾ, ನಿಮ್ಮದೊಂದ ಪುಟ ಹಿಂಗ ಬಿಟ್ಟರ ಉಳಿದವ್ರಿಗೆ ನಾ ಏನ ಹೇಳ್ಲಿ? ನನ್ನ ಸಲುವಾಗಿ ತುಂಬ್ರಿ.”

ಆಕೆಯ ಮಾತನ್ನು ಅವರು ಎಂದೂ ತೆಗೆದುಹಾಕಿದವರಲ್ಲ. ಸಂಜೆಯೊಳಗೆ ಖಾನೆ ತುಂಬಿತು: ದಾರಿ, ತಿರುವು, ಹಳ್ಳ, ಮರ. ಮನೆ ಗುಡಿಸಿ ಸಾರಿಸಿ ಮುಗಿಸಿದಂಥ ಸಮಾಧಾನ ವಿದ್ಯಾವತಿಗೆ.

ಮಂಗಟ್ಟೆಯ ಹೆಣ್ಣು ಪೊಟರೆಯೊಳಗೆ ಕೂತು ಅದರ ಬಾಯನ್ನು ಮೆತ್ತಿ ಮುಚ್ಚಿಬಿಡುತ್ತದೆ. ಕೊಕ್ಕು ಚಾಚುವಷ್ಟು ಸೀಳು ಮಾತ್ರ ಉಳಿಸಿಕೊಳ್ಳುತ್ತದೆ. ಒಳಗೆ ಅದರ ರೆಕ್ಕೆಯ ಗರಿಗಳೂ ಉದುರುತ್ತವೆ. ಗಂಡು ಹಣ್ಣು ತಂದು ಉಣಿಸಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಆ ಬೇಸಿಗೆಯಲ್ಲಿ ವಿಕಿಯ ಪುಟ ಹಿಡಿದು ಜನ ಬಂದರು. ಕ್ಯಾಮೆರಾದವರು ಬಂದರು, ರೀಲ್ಸ್ ಮಾಡುವವರು ಬಂದರು. ಮರದ ಬುಡದಲ್ಲಿ ನಿಂತು ಕೂಗಾಡಿದರು, ಸೀಳು ಚೆನ್ನಾಗಿ ಕಾಣಲೆಂದು ಅಡ್ಡಬಂದ ಕೊಂಬೆ ಕಡಿದರು. ಗಂಡು ದೂರದಲ್ಲೇ ಸುತ್ತಿ ಸುತ್ತಿ, ಕೊನೆಗೆ ಬರುವುದನ್ನೇ ಬಿಟ್ಟಿತು.

ಸುದ್ದಿ ತಿಳಿದು ಕಾಕಾ ಮತ್ತು ವಿದ್ಯಾವತಿ ಅಣಶಿಗೆ ಓಡಿದರು. ಅರಣ್ಯ ಕಾವಲುಗಾರ ಮಲಕಪ್ಪ ಮರ ಹತ್ತಿ, ಸೀಳಿನೊಳಗೆ ಬ್ಯಾಟರಿ ಬಿಟ್ಟು ನೋಡಿದ. ತಾಯಿ, ಮರಿ ಎರಡೂ ಒಳಗೇ ಒಣಗಿಹೋಗಿದ್ದವು. ಕಾಕಾ ವಿದ್ಯಾವತಿಯನ್ನು ಒಂದು ಮಾತೂ ಅನ್ನಲಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದಳೋ ಏನೋ. ತಪ್ಪಾಯಿತೆಂದು ಆಕೆ ಅತ್ತಾಗ ಇಷ್ಟೇ ಅಂದರು: “ನೀ ಕೇಳಿದಿ, ಖರೆ. ಬರದ ಕೈ ನಂದ ಐತಿ.”

ಮನೆಗೆ ಬಂದವಳೇ ಟೆಂಪ್ಲೇಟಿನಿಂದ ಆ ಸಾಲು ಅಳಿಸಿದಳು. ಎಲ್ಲ ಹಕ್ಕಿಗಳ ಪುಟಗಳಿಂದಲೂ ಗೂಡಿನ ಜಾಗ ಒಮ್ಮೆಲೇ ಮಾಯವಾಯಿತು. ಆದರೆ ಅಷ್ಟರಲ್ಲಿ ಆ ವಿವರವೆಲ್ಲ ಯಾರ್‍ಯಾರದೋ ಫೋನು ಸೇರಿ ಊರೂರು ತಿರುಗುತ್ತಿತ್ತು. ಮಳಗಿಯ ಕಡೆಯ ಗೂಡುಗಳಿಗೂ ಜನ ಹೋಗುತ್ತಿದ್ದಾರೆಂದು ಸುದ್ದಿ ಬಂತು. ಯಾರನ್ನೆಂದು ತಡೆಯುವುದು?

ಕಾಕಾ ಮತ್ತೆ ಕಾಡಿಗೆ ಹೋಗಲಿಲ್ಲ. ಊರ ಮೇಲೆ ಮಂಗಟ್ಟೆ ಹಾರಿದರೆ ಅದರ ರೆಕ್ಕೆಯ ಸದ್ದು ದೂರದಿಂದಲೇ ಕೇಳುತ್ತದೆ. ಆಗ ಅಂಗಳದಲ್ಲಿ ಕೂತಿದ್ದ ಕಾಕಾ ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾರೆಂದು ಅವರ ಹೆಂಡತಿ ಗೋದುಬಾಯಿ ಹೇಳಿದಳು. ವಿದ್ಯಾವತಿಗೆ ಆ ಮನೆಗೆ ಹೋಗಲು ಈಗ ಕಾಲೇ ಬರುವುದಿಲ್ಲ.