ತಂಗಿಗೆ ಇನ್ನೆರಡು ಸಲಿಕೆ

“ತಿಂದಿದ್ದೆಲ್ಲ ಎಲ್ಲಿ ಹೋಗುತ್ತೆ?”

ಅಣ್ಣ ಕೇಳಿದ್ದು ತಂಗಿಯನ್ನಲ್ಲ, ಹೆಂಡತಿಯನ್ನೂ ಅಲ್ಲ, ಹಾಗೇ ಗಾಳಿಗೆ. ಕೈಯಲ್ಲಿ ಸಲಿಕೆ ಇತ್ತು. ಸಲಿಕೆ ಹಿಡಿದವನು ಉತ್ತರಕ್ಕೆ ಕಾಯುವುದಿಲ್ಲ.

ಹೋಟೆಲುಗಳ ಹಾಸು ಹೊದಿಕೆ ಒಗೆಯುವ ಆ ಉಗಿ ಲಾಂಡ್ರಿ ಮನೆಯವರದೇ. ಅಣ್ಣ ಬಾಯ್ಲರಿಗೆ ಕಲ್ಲಿದ್ದಲು ಉಣಿಸುತ್ತಿದ್ದ, ಅತ್ತಿಗೆ ಒಗೆಯುವ ಯಂತ್ರ ನೋಡಿಕೊಳ್ಳುತ್ತಿದ್ದಳು, ತಂಗಿ ಉಗಿ ಇಸ್ತ್ರಿ ಯಂತ್ರದ ಮುಂದೆ ನಿಂತು ಚಾದರಗಳ ಸುಕ್ಕು ಬಿಡಿಸುತ್ತಿದ್ದಳು. ಅಪ್ಪ ತೀರಿಕೊಂಡಿದ್ದರೂ ಅವರ ಕಟ್ಟಳೆ ತೀರಿರಲಿಲ್ಲ: ಉಗಿ ಎದ್ದಿರುವಾಗ ಯಾರೂ ಕೂರಬಾರದು. ನಾಲ್ಕು ಕಾಲಿದ್ದರೂ ಕುರ್ಚಿ ಆ ಶೆಡ್ಡಿನೊಳಗೆ ಒಂದು ಹೆಜ್ಜೆ ಇಟ್ಟದ್ದಿಲ್ಲ.

ಈಚೆಗೆ ತಂಗಿಯ ತೋಳು ಮಧ್ಯಾಹ್ನಕ್ಕೆ ಮೊದಲೇ ಸೋಲತೊಡಗಿತ್ತು. ಕಾಲುಗಳಲ್ಲಿ ಉರಿ, ಇಸ್ತ್ರಿಯ ಹಿಡಿ ಎಳೆಯಲು ಕೈ ಮೇಲೇಳದು. ಕಲ್ಲು ತಿಂದು ಕರಗಿಸುವ ವಯಸ್ಸು, ಇವಳಿಗೇನು ಬಂತು ಕೇಡು? ಬಂಧುಬಳಗವೆಲ್ಲ ಒಟ್ಟಿಗೇ ವೈದ್ಯರಾದರು. ಮೊದಲು ಸೋಮಾರಿತನ ಎಂದರು. ಅದಕ್ಕೆ ಮದ್ದು ಬೈಗುಳ. ಪುಕ್ಕಟೆ ಸಿಗುವುದರಿಂದ ಹೊತ್ತು ಹೊತ್ತಿಗೂ ತಪ್ಪದೆ ಕೊಟ್ಟರು. ಆಮೇಲೆ ನಿಶ್ಶಕ್ತಿ ಎಂದರು. ಆಗ ಅಣ್ಣನಿಗೆ ಉಪಾಯ ಹೊಳೆಯಿತು. ಉಗಿಯ ಒತ್ತಡ ಇಳಿದರೆ ಏನು ಮಾಡಬೇಕು? ಇನ್ನೆರಡು ಸಲಿಕೆ ಹಾಕಬೇಕು. ಬಾಯ್ಲರಿಗೊಂದು ನ್ಯಾಯ, ತಂಗಿಗೊಂದು ನ್ಯಾಯವೇ? ಬಂದವು ಮೊಟ್ಟೆ, ಹಾಲು, ಬಾಳೆಹಣ್ಣು, ಜೇನು, ಡಬ್ಬಿಯ ಮೇಲೆ ಪೈಲ್ವಾನ ನಗುತ್ತಿದ್ದ ಒಂದು ಪುಡಿ. ಪೈಲ್ವಾನ ಆ ಪುಡಿಯನ್ನು ಕುಡಿದಿರಲಿಕ್ಕಿಲ್ಲ, ಅದಕ್ಕೇ ನಗು.

“ತಿನ್ನೇ ಮಹಾರಾಣಿ,” ಎಂದಳು ಅತ್ತಿಗೆ. “ನಿನ್ನ ತೂಕ ಏರ್ತಿದೆ, ಕೆಲಸ ಇಳೀತಿದೆ.”

“ಹೊಟ್ಟೆ ತುಂಬಿದೆ ಅತ್ತಿಗೆ. ತೋಳು ಖಾಲಿ.”

“ತೋಳಿಗೂ ಒಂದು ಬಾಯಿ ಇದ್ದಿದ್ರೆ ಅದಕ್ಕೂ ತುರುಕ್ತಿದ್ದೆ.”

ಒಂದು ದಿನ ತಂಗಿ ಇಸ್ತ್ರಿಯ ಮುಂದೆಯೇ ಕುಸಿದಳು. ಒಳಗೆ ಸಿಕ್ಕಿಕೊಂಡ ಹೋಟೆಲಿನ ಚಾದರ ಕಂದಾಗಿ ಸೀದುಹೋಯಿತು. ತಂಗಿ ಸೋತಾಗ ಹುಟ್ಟದ ಗಾಬರಿ ಚಾದರ ಸೀದಾಗ ಹುಟ್ಟಿತು. ಆಸ್ಪತ್ರೆಗೆ ಕರೆದೊಯ್ದರು.

ಡಾಕ್ಟರಮ್ಮ ತೊಡೆಯಿಂದ ಚೂರು ಸ್ನಾಯು ತೆಗೆದು ಪರೀಕ್ಷೆ ಮಾಡಿಸಿದರು. ವರದಿ ಬಂದ ದಿನ ಅಣ್ಣ ತಾನು ಬಾಯ್ಲರಿನವನು, ಉರಿಯ ವಿಷಯ ತನಗೆ ಹೇಳಬೇಕಿಲ್ಲ ಎಂದು ಮೊದಲೇ ತಿಳಿಸಿದ. ಆದರೂ ಅವರು ಹೇಳಿದರು.

“ತಿಂದದ್ದು ಕರಗಿ, ಸಕ್ಕರೆಯಾಗಿ, ರಕ್ತದ ಜೊತೆ ಒಂದೊಂದು ಜೀವಕೋಶಕ್ಕೂ ಹೋಗುತ್ತೆ. ಅಲ್ಲೀವರೆಗೆ ನಿಮ್ಮ ತಂಗಿಗೆ ಎಲ್ಲಾ ಸರಿ. ಕೋಶದೊಳಗೆ ನೂರಾರು ಪುಟ್ಟ ಕುಲುಮೆಗಳಿರ್ತವೆ, ಮೈಟೊಕಾಂಡ್ರಿಯ ಅಂತ. ಉಸಿರಿನ ಆಮ್ಲಜನಕ ಖರ್ಚಾಗೋದು ಅಲ್ಲೇ.”

“ಬೆಂಕಿ ಯಾರು ಹಚ್ತಾರೆ?”

“ಬೆಂಕಿ ಹಚ್ಚಿದ್ರೆ ಮೈಯೇ ಬೆಂದುಹೋಗುತ್ತೆ. ಇಲ್ಲಿ ಮೆಟ್ಟಿಲಿಳಿದ ಹಾಗೆ, ಇಷ್ಟಿಷ್ಟೇ. ಆಹಾರದಿಂದ ಬಿಡಿಸಿದ ಎಲೆಕ್ಟ್ರಾನು ಕೈಯಿಂದ ಕೈಗೆ ದಾಟಿ ಕೊನೆಗೆ ಆಮ್ಲಜನಕ ಸೇರುತ್ತೆ. ಆ ದಾಟೋ ಬಲದಲ್ಲಿ ಹೈಡ್ರೋಜನ್ ಕಣಗಳು ಒಂದು ಪೊರೆಯಾಚೆ ಅಣೆಕಟ್ಟಿನ ನೀರಿನ ಹಾಗೆ ತುಂಬ್ಕೊಳ್ತವೆ. ವಾಪಸ್ ನುಗ್ಗುವಾಗ ಒಂದು ಚಕ್ರ ತಿರುಗಿಸ್ತವೆ. ಆ ಚಕ್ರ ಮಾಡೋ ಎಟಿಪಿ ಅನ್ನೋ ಇಂಧನ ಇದ್ರೇನೇ ತೋಳು ಏಳೋದು. ಇವರಿಗೆ ಹುಟ್ಟಿನಿಂದ್ಲೇ ಎಲೆಕ್ಟ್ರಾನು ದಾಟಿಸೋ ಆ ಸಾಲಿನಲ್ಲಿ ಒಂದು ಕೈ ದುರ್ಬಲ.”

“ಸಕ್ಕರೆ ಜಾಸ್ತಿ ಹಾಕಿದ್ರೆ?”

“ಕುಲುಮೆ ತಗೊಳ್ಳಲ್ಲ. ದುಡಿಸಿದಷ್ಟೂ ಸಕ್ಕರೆ ಹೊರಗೇ ಅರೆಬರೆ ಒಡೆದು ಆಮ್ಲ ಹೆಚ್ಚುತ್ತೆ.”

“ರಿಪೇರಿ?”

“ಇಲ್ಲ. ಉಪವಾಸ ಬೇಡ, ತುರುಕೋದೂ ಬೇಡ. ದಣಿಯೋಕೆ ಮುಂಚೆ ಕೂರಬೇಕು. ಹೀಗೇ ನಿಲ್ಲಿಸಿ ದುಡಿಸಿದ್ರೆ ಇರೋ ಬಲವೂ ಹೋಗುತ್ತೆ, ಮತ್ತೆ ಬರಲ್ಲ.”

ತಂಗಿಗೆ ಕೊನೆಯ ಮಾತು ಕೇಳಿಸಿತು. ಅಣ್ಣನಿಗೆ ನಡುವಿನದು.

“ನೂರಾರು ಕುಲುಮೆ ಅಂದ್ರಲ್ಲ,” ಎಂದ ದಾರಿಯಲ್ಲಿ. “ಎಲ್ಲಾ ಕೆಟ್ಟಿರಲ್ಲ. ಉಳಿದವಕ್ಕೆ ಓವರ್‌ಟೈಮ್ ಹಾಕಿದ್ರಾಯ್ತು. ಗಾಳಿ ಒಂದು ಸರಿಯಾಗಿ ಕೊಡಬೇಕು.”

ಕೊಟ್ಟ. ಮರುದಿನ ಬಾಯ್ಲರಿನ ಊದುಗಾಳಿ ಯಂತ್ರ ತಂಗಿಯ ಮೂಗಿನೆದುರಿಗೆ ಬಂತು. ಗುಂಡಿ ಒತ್ತಿದ್ದೇ ತಡ, ಹಾರಿತು ದಿಂಬಿನ ಗವುಸು, ಹಾರಿತು ಕರವಸ್ತ್ರ, ಹಾರಿತು ಅತ್ತಿಗೆಯ ತಲೆಯ ಬಟ್ಟೆ. ತಂಗಿಯ ತೋಳೊಂದು ಬಿಟ್ಟು ಶೆಡ್ಡಿನಲ್ಲಿದ್ದದ್ದೆಲ್ಲ ಮೇಲೆದ್ದಿತು.

ಅವಳು ಯಂತ್ರ ಆರಿಸಿದಳು. ಮನೆಗೆ ಹೋಗಿ, ನಡುನಡುವೆ ನಿಂತು ಸುಧಾರಿಸಿಕೊಳ್ಳುತ್ತ, ಒಂದು ಕುರ್ಚಿ ಎಳೆದು ತಂದಳು. ಮಡಿಸುವ ಮೇಜಿನ ಪಕ್ಕ ಇಟ್ಟು, ಕೂತು, ಹರಿದ ಅಂಚುಗಳನ್ನು ಹೊಲಿಯತೊಡಗಿದಳು. ಕೊಲೆ ನಡೆದಿದ್ದರೂ ಅತ್ತಿಗೆ ಇಷ್ಟು ಬಾಯಿ ತೆರೆಯುತ್ತಿರಲಿಲ್ಲ.

“ಏಳೇ,” ಎಂದ ಅಣ್ಣ, ಮೆಲ್ಲಗೆ. “ಉಗಿ ಎದ್ದಿದೆ. ಅಪ್ಪ ಒಂದು ದಿನ ಕೂತಿದ್ರಾ?”

“ಅಪ್ಪನ ಕುಲುಮೆ ಚೆನ್ನಾಗಿತ್ತು.”

“ಹೊರಗೆ ಹೋಟೆಲಿನವರ ವ್ಯಾನು ನಿಂತಿದೆ. ಇಸ್ತ್ರಿಗೆ ಬೇರೆಯವರನ್ನ ನಾಳೆ ಹುಡುಕ್ತೀನಿ, ದೇವರಾಣೆ. ಇವತ್ತೊಂದಿನ ನಿಂತ್ಬಿಡು. ಬೇಕಾದ್ರೆ ನಿನ್ನ ಕಾಲಿಗೆ ಬೀಳ್ತೀನಿ.”

“ಬೀಳ್ಬೇಡ. ಎತ್ತೋಕೆ ನನ್ನ ಕೈಲಾಗಲ್ಲ.”

“ಅಂದ್ರೆ ನಿಲ್ತೀಯಾ?”

ಅವಳು ದಾರವನ್ನು ಹಲ್ಲಿನಿಂದ ಕಡಿದಳು.

“ಇಲ್ಲ ಅಣ್ಣ. ನಿಲ್ಲಲ್ಲ.”